ಕಾಯಿನ್ ಬ್ಯಾಟರಿಯಲ್ಲಿ ಸದಾ ಕೇಳುತ್ತಿರುವ ರಿಸೀವರ್ ಮಾಡಬಹುದಾ?

ನಿಮ್ಮ ತೊಂದರೆ ನನಗೆ ಅರ್ಥವಾಯಿತು. ವೈರ್‌ಲೆಸ್ ಸೆನ್ಸರ್ ಕರೆದ ತಕ್ಷಣ ಓಗೊಡಬೇಕು. ಆದರೆ ರಿಸೀವರ್ ಆನ್ ಇಟ್ಟರೆ ಸಿಆರ್2032 ಬ್ಯಾಟರಿ ಎರಡೇ ದಿನಕ್ಕೆ ಖಾಲಿ.

ಕಳಿಸುವ ಕೆಲಸ ಕೆಲವೇ ಮಿಲಿಸೆಕೆಂಡಿನದು. ಯಾರು ಯಾವಾಗ ಕರೆಯುತ್ತಾರೋ ಗೊತ್ತಿಲ್ಲದೆ ಕಾಯುತ್ತಾ ಕೂರುವುದೇ ದುಬಾರಿ. ಆ ಬ್ಯಾಟರಿಯಲ್ಲಿ ಇರುವುದು ಸುಮಾರು 225 ಮಿಲಿಆಂಪ್-ಅವರ್. ಬ್ಲೂಟೂತ್ ಚಿಪ್ ಕೇಳುವಾಗ 5 ಮಿಲಿಆಂಪ್ ಎಳೆದರೆ 45 ಗಂಟೆ, ಅಷ್ಟೇ.

ಸೆಕೆಂಡಿಗೊಮ್ಮೆ ಎದ್ದು 5 ಮಿಲಿಸೆಕೆಂಡ್ ಕೇಳಿ ಮತ್ತೆ ಮಲಗುವಂತೆ ಮಾಡಿದರೆ ಸರಾಸರಿ 25 ಮೈಕ್ರೋಆಂಪ್‌ಗೆ ಇಳಿಯುತ್ತದೆ. ಲೆಕ್ಕದಲ್ಲಿ ಒಂದು ವರ್ಷ. ಒಂದು ಸೆಕೆಂಡ್ ತಡವಾದರೂ ನಡೆಯುತ್ತದೆ ಅಂದರೆ ಇಲ್ಲಿಗೇ ನಿಲ್ಲಿಸಿ.

ತಕ್ಷಣವೇ ಬೇಕು ಅಂದರೆ ವೇಕ್-ಅಪ್ ರಿಸೀವರ್ ಹಾಕಬೇಕು. ಮುಖ್ಯ ರೇಡಿಯೋ ಮಲಗಿರುತ್ತದೆ, ಪುಟ್ಟದೊಂದು ರಿಸೀವರ್ ಕಾವಲಿರುತ್ತದೆ. ಮಾಮೂಲಿ ರಿಸೀವರ್‌ನಲ್ಲಿ ಜಾಸ್ತಿ ಕರೆಂಟ್ ತಿನ್ನುವವುಗಳಲ್ಲಿ ಲೋಕಲ್ ಆಸಿಲೇಟರ್ ಒಂದು, ಅಂದರೆ ಬಂದ ಸಿಗ್ನಲ್ ಜೊತೆ ಬೆರೆಸಲು ಒಳಗೇ ಅಲೆ ಹುಟ್ಟಿಸುವ ಸರ್ಕ್ಯೂಟ್. ಅಷ್ಟು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಅದು ತಪ್ಪದೆ ಓಡುತ್ತಲೇ ಇರಬೇಕಲ್ವಾ? ಅದನ್ನೇ ತೆಗೆದುಬಿಡಿ. ಆಂಟೆನಾದಿಂದ ಬಂದ ವೋಲ್ಟೇಜನ್ನು ಹೈ-ಕ್ಯೂ (ನಷ್ಟ ಕಡಿಮೆ ಇರುವ) ಮ್ಯಾಚಿಂಗ್ ನೆಟ್‌ವರ್ಕ್‌ನಲ್ಲಿ ಏರಿಸಿ, ಸಿಗ್ನಲ್‌ನ ಏರಿಳಿತವನ್ನಷ್ಟೇ ಹಿಡಿಯುವ ಎನ್ವೆಲಪ್ ಡಿಟೆಕ್ಟರ್‌ಗೆ ಕೊಡಿ, ಆಮೇಲೆ ಅದು ಮಿತಿ ದಾಟಿತೇ ಎಂದು ನೋಡುವ ಕಂಪ್ಯಾರೇಟರ್. ಬ್ಯಾಟರಿಯೇ ಇಲ್ಲದೆ ಹಾಡುತ್ತಿದ್ದ ಹಳೆಯ ಕ್ರಿಸ್ಟಲ್ ರೇಡಿಯೋದ ಉಪಾಯವೂ ಇದೇ. ಜಗದೀಶ್ ಚಂದ್ರ ಬೋಸ್ ಅವರಿಗೆ ಗೆಲೀನಾ ಹರಳಿನ ಡಿಟೆಕ್ಟರ್‌ಗೆ 1904ರಲ್ಲೇ ಪೇಟೆಂಟ್ ಸಿಕ್ಕಿತ್ತು. ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ದೂರದ ಸಿಗ್ನಲ್ ಇದಕ್ಕೆ ಕೇಳಿಸುವುದಿಲ್ಲ. ಸಣ್ಣ ಸಿಗ್ನಲ್‌ನ ಶಕ್ತಿ 10 ಡಿಬಿ (ಡೆಸಿಬೆಲ್), ಅಂದರೆ ಹತ್ತನೇ ಒಂದಕ್ಕೆ ಇಳಿದರೆ, ಡಿಟೆಕ್ಟರ್‌ನ ಔಟ್‌ಪುಟ್ 20 ಡಿಬಿ, ಅಂದರೆ ನೂರನೇ ಒಂದಕ್ಕೆ ಬೀಳುತ್ತದೆ. ಹಾಗಾಗಿ ಬಿಟ್ ರೇಟ್ ಇಳಿಸಿ. ಎಬ್ಬಿಸುವುದಕ್ಕೆ ಸೆಕೆಂಡಿಗೆ 1 ಕಿಲೋಬಿಟ್ ಧಾರಾಳವಾಗಿ ಸಾಕು, ಬ್ಯಾಂಡ್‌ವಿಡ್ತ್ (ಫ್ರೀಕ್ವೆನ್ಸಿಗಳ ಹರವು) ಕಿರಿದಾದಷ್ಟೂ ನಾಯ್ಸ್ ಕಡಿಮೆ. 2.4 ಗಿಗಾಹರ್ಟ್ಸ್ ಬಿಟ್ಟು, ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865-868 ಮೆಗಾಹರ್ಟ್ಸ್‌ಗೆ ಬನ್ನಿ.

ಅಲ್ಲಿ ಒಂದು ಅಪಾಯವಿದೆ. 900 ಮೆಗಾಹರ್ಟ್ಸ್‌ನ ಮೊಬೈಲ್ ತೀರಾ ಹತ್ತಿರ. ಎನ್ವೆಲಪ್ ಡಿಟೆಕ್ಟರ್‌ಗೆ ಯಾರ ಸಿಗ್ನಲ್ ಅನ್ನುವುದು ತಿಳಿಯುವುದಿಲ್ಲ, ಶಕ್ತಿ ಇದ್ದರೆ ಸಾಕು. ನನ್ನ ಮೊದಲ ಬೋರ್ಡ್ ಪಕ್ಕದ ಫೋನಿಗೆಲ್ಲಾ ಎದ್ದು ಎದ್ದು ಬ್ಯಾಟರಿ ಮುಗಿಸಿತು. ಆಮೇಲೆ ಡಿಟೆಕ್ಟರ್‌ಗಿಂತ ಮೊದಲು, ಬೇಕಾದ ಫ್ರೀಕ್ವೆನ್ಸಿಯನ್ನಷ್ಟೇ ಒಳಬಿಡುವ ಸಾ (SAW) ಫಿಲ್ಟರ್ ಹಾಕಿದೆ, 16 ಬಿಟ್ ಕೋಡ್ ಹೊಂದಿದರೆ ಮಾತ್ರ ಏಳುವಂತೆ ಮಾಡಿದೆ. ನೀವೂ ಬೋರ್ಡನ್ನು ಒಂದು ರಾತ್ರಿ ಮೊಬೈಲ್ ಪಕ್ಕದಲ್ಲಿಟ್ಟು, ಎಷ್ಟು ಸಲ ಸುಮ್ನೆ ಎದ್ದಿತು ಎಂದು ಎಣಿಸಿ. ಬ್ಯಾಟರಿ ಲೆಕ್ಕ ಹಾಕುವುದು ಅದಾದ ಮೇಲೆ.