ಸರ್ಫ್ ಅಂದ್ರೆ ಗುಲಾಮನೇ ಅಲ್ವಾ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಮಧ್ಯಯುಗದ ಯುರೋಪಿನ ಸರ್ಫ್‌ಗೂ ಗುಲಾಮನಿಗೂ ಏನು ವ್ಯತ್ಯಾಸ ಸಾರ್? ಹೆಸರು ಮಾತ್ರ ಬೇರೆ ತಾನೇ?

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ಸಾಯುವುದಿಲ್ಲ. ಸರ್ಫ್ ಅಂದರೆ ಹುಟ್ಟಿನಿಂದಲೇ ಧಣಿಯ ನೆಲಕ್ಕೆ ಕಟ್ಟುಬಿದ್ದ ರೈತ. ತಮಾಷೆ ಅಂದರೆ ಹೆಸರೊಂದೇ, ಬದುಕು ಬೇರೆ. ಲ್ಯಾಟಿನ್‌ನಲ್ಲಿ ಗುಲಾಮನಿಗೆ 'ಸೆರ್ವುಸ್' ಅನ್ನುತ್ತಾರೆ. ಸರ್ಫ್ ಅನ್ನೋ ಪದವೂ ಅದರಿಂದಲೇ ಬಂದದ್ದು.

ಇಂಗ್ಲೆಂಡನ್ನೇ ನೋಡಿ. ರಾಜ ವಿಲಿಯಂ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಅನ್ನೋ ಜಮೀನು-ಜನರ ಲೆಕ್ಕದಲ್ಲಿ ಗುಲಾಮರನ್ನು ಬೇರೆ ಎಣಿಸಿದ್ದಾರೆ, ವಿಲನ್‌ಗಳನ್ನು ಬೇರೆ. (ಹೌದು, ನಮ್ಮ ಸಿನಿಮಾ ವಿಲನ್ ಪದದ ಬೇರೂ ಅದೇ. ಪಾಪ, ಅವನು ಬರೀ ಹಳ್ಳಿಯವನು.) ಲೆಕ್ಕಕ್ಕೆ ಸಿಕ್ಕವರಲ್ಲಿ ಸುಮಾರು ಹತ್ತಕ್ಕೊಬ್ಬ ಗುಲಾಮ. ಬ್ರಿಸ್ಟಲ್ ಬಂದರಿನಿಂದ ಜನರನ್ನು ಐರ್ಲೆಂಡಿಗೆ ಸಾಗಿಸಿ ಮಾರುತ್ತಿದ್ದ ಕಾಲ ಅದು. ಮನುಷ್ಯರನ್ನು ಪ್ರಾಣಿಗಳಂತೆ ಮಾರಬೇಡಿ ಅಂತ 1102ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಚರ್ಚ್ ಸಭೆ ಹೇಳಬೇಕಾಯಿತು.

ಆಮೇಲೆ ಗುಲಾಮರು ಕಮ್ಮಿಯಾದರು, ವಿಲನ್ ಉಳಿದ. ಇವನೇ ಅಲ್ಲಿಯ ಸರ್ಫ್. ಇವನಿಗೆ ಮನೆಯಿತ್ತು, ಒಲೆಯಿತ್ತು, ಉಳಲು ಒಂದಷ್ಟು ನೆಲವಿತ್ತು. ಅದಕ್ಕೆ ಬದಲಾಗಿ ವಾರದಲ್ಲಿ ಎರಡು ಮೂರು ದಿನ ಧಣಿಯ ಹೊಲದಲ್ಲಿ ಬಿಟ್ಟಿ ಚಾಕರಿ. ಮಗಳ ಮದುವೆಗೂ ಧಣಿಗೆ ಕಾಸು. ಗಂಡ ಸತ್ತರೆ ಹಟ್ಟಿಯ ಒಳ್ಳೇ ಹಸುವನ್ನು ಧಣಿಯ ಆಳು ಹಿಡಿದುಕೊಂಡು ಹೋಗುತ್ತಿದ್ದ. ಆದರೆ ನೆಲ ಸಾಮಾನ್ಯವಾಗಿ ಹೆಂಡತಿ ಕೈಗೆ, ನಂತರ ಮಗನಿಗೆ. ಗುಲಾಮ ಸತ್ತರೆ ಒಯ್ಯಲು ಹಸು ಎಲ್ಲಿತ್ತು? ಅವನೇ ಹಸುವಿನ ಸಾಲಿನಲ್ಲಿದ್ದ.

ಹಾಗಂತ 'ಸರ್ಫ್ ಅಂದ್ರೆ ನಮ್ಮ ಗೇಣಿದಾರನ ಹಾಗೆ' ಅನ್ನುವವರನ್ನು ಕಂಡರೆ ನನಗೆ ಇನ್ನೂ ಜಾಸ್ತಿ ಸಿಟ್ಟು. ಊರು ಬಿಡಲು ಧಣಿಯ ಅಪ್ಪಣೆ ಬೇಕಿತ್ತು. ಧಣಿಯ ಮೇಲೆ ರಾಜನ ಕೋರ್ಟಿಗೆ ಹೋಗುವಂತಿರಲಿಲ್ಲ. ದಾನಪತ್ರಗಳಲ್ಲಿ ಅವನ ಮಕ್ಕಳಿಗೆ ಬಳಸಿದ ಪದ 'ಸೆಕ್ವೆಲಾ'. ದನದ ಮರಿಗಳಿಗೂ ಅದೇ ಪದ!

ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಕತೆ ಕೇಳಿ. ಹಿಟ್ಟು ಮಠದ ಗಿರಣಿಯಲ್ಲೇ ಬೀಸಬೇಕು, ಕೂಲಿ ಕೊಡಬೇಕು ಅನ್ನೋದು ಅಲ್ಲಿಯ ಕಟ್ಟಳೆ. ಜನ ಮನೆಯಲ್ಲಿಟ್ಟುಕೊಂಡಿದ್ದ ಬೀಸುವ ಕಲ್ಲುಗಳನ್ನು ಮಠದವರು ಕಿತ್ತುಕೊಂಡು ತಮ್ಮ ಕೋಣೆಯ ನೆಲಕ್ಕೇ ಹಾಸಿಬಿಟ್ಟರು. 1381ರ ರೈತರ ದಂಗೆಯಲ್ಲಿ ಜನ ನುಗ್ಗಿ ಆ ನೆಲ ಅಗೆದು, ಕಲ್ಲು ಒಡೆದು, ಚೂರುಗಳನ್ನು ಪ್ರಸಾದದ ಹಾಗೆ ಹಂಚಿಕೊಂಡರು.

ಪ್ರಶ್ನೆ: ಮದುಮಗಳ ಮೊದಲ ರಾತ್ರಿ ಧಣಿಯ ಹಕ್ಕಾಗಿತ್ತಂತೆ, ಹೌದಾ?

ಉತ್ತರ: ಕಟ್ಟುಕತೆ. ಇದ್ದದ್ದು ಮೇಲೆ ಹೇಳಿದ ಮದುವೆ ಕಾಸು. ವಿಡಿಯೊ ಮಾಡಿ ಹಂಚುವವರು ಸುಮ್ನೆ ಒಂದು ದಾಖಲೆ ತೋರಿಸಲಿ.

ಪ್ರಶ್ನೆ: ರಷ್ಯಾದಲ್ಲೂ ಹೀಗೇ ಇತ್ತಾ?

ಉತ್ತರ: ಇಲ್ಲ. ಅಲ್ಲಿ 1649ರ ಕಾನೂನು ರೈತರನ್ನು ನೆಲಕ್ಕೆ ಪೂರ್ತಿ ಕಟ್ಟಿಹಾಕಿತು. ಮುಂದೆ ನೆಲ ಬಿಟ್ಟು ಬರೀ ಆಳನ್ನೇ ಮಾರುವುದೂ ನಡೆಯಿತು. ಅಲ್ಲಿ ಮಾತ್ರ ನಿಮ್ಮ 'ಹೆಸರು ಬೇರೆ ಅಷ್ಟೇ' ಅನ್ನೋದನ್ನು ಅರ್ಧ ಒಪ್ಪುತ್ತೇನೆ. ಅದು ಮುಗಿದದ್ದು 1861ರಲ್ಲಿ.

ಪ್ರಶ್ನೆ: ಸರ್ಫ್‌ಗೆ ಕನ್ನಡದಲ್ಲಿ 'ಜೀತಗಾರ' ಅನ್ನಬಹುದಾ?

ಉತ್ತರ: ಬೇಡ. ಜೀತದ ಕುಣಿಕೆ ಸಾಲ. ಸರ್ಫ್‌ಗೆ ತೀರಿಸಲು ಸಾಲವೇ ಇರಲಿಲ್ಲ, ಹುಟ್ಟೇ ಕುಣಿಕೆ. ಸರ್ಫ್ ಅಂತಲೇ ಬರೆಯಿರಿ.