ಟ್ಯಾಬ್ ಎದ್ದಿದೆ, ಲೇಖನ ಇನ್ನೂ ಏಳಬೇಕು

ಸಿಂಧನೂರಿನ ಗೆಳೆಯರಿಗೆ ನಮಸ್ಕಾರ.

ನೀವು ಕಳಿಸಿದ ‘ಮೃತ ಟ್ಯಾಬ್ಲೆಟ್‌ಗೆ ಮರುಜನ್ಮ’ ಲೇಖನ ಬಳ್ಳಾರಿಯ ನಮ್ಮ ಪತ್ರಿಕೆಗೆ ಬಂದು ತಲುಪಿದೆ. ನಿಮ್ಮ ಅಕ್ಕನ ಮಗನ ಅಗ್ಗದ ಆಂಡ್ರಾಯ್ಡ್ ಟ್ಯಾಬ್ ಲೋಗೋ ತೋರಿಸಿ ಅಲ್ಲೇ ನಿಂತುಬಿಡುತ್ತಿತ್ತು. ಅಂಗಡಿಯವರು ‘ಬೋರ್ಡ್ ಹೋಗೇತ್ರಿ, ಹೊಸದು ತಗೊಳ್ರಿ’ ಅಂದರು. ನೀವು ಮನೆಯಲ್ಲೇ ಫರ್ಮ್‌ವೇರ್, ಅಂದರೆ ಟ್ಯಾಬ್ ನಡೆಸುವ ಮೂಲ ಸಾಫ್ಟ್‌ವೇರ್, ಮತ್ತೆ ಹಾಕಿ ಎಬ್ಬಿಸಿದಿರಿ. ಕೆಲಸ ಭೇಷ್. ಆದರೆ ಲೇಖನವನ್ನು ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಪುಟ ಪೂರ್ತಿ ‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಹೋಗಿದೆ. ಹೊಡೆದು ಹಾಕಿ. ಟ್ಯಾಬ್ ಕೆಟ್ಟು ಕೂತವರಿಗೆ ಯುಗದ ಚಿಂತೆ ಇರುವುದಿಲ್ಲ.

ಲೇಖನ ನಿಜವಾಗಿ ಇರುವುದು ಮೂರನೇ ಪುಟದಲ್ಲಿ. ‘ಹಿಂಬದಿ ಮುಚ್ಚಳ ತೆಗೆದು, ಬೋರ್ಡ್ ನಂಬರ್ ನೋಡಿ, ಸರಿಯಾದ ಫರ್ಮ್‌ವೇರ್ ಇಳಿಸಿಕೊಂಡೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲ ಸ್ವಾಮಿ, ಜನ ಎಡವುವುದೇ ಅಲ್ಲಿ! ಮುಚ್ಚಳ ಯಾವುದರಿಂದ ಎಬ್ಬಿಸಿದಿರಿ? ಹಳೇ ಸಿಮ್ ಕಾರ್ಡಿನ ಪ್ಲಾಸ್ಟಿಕ್ಕಾ, ಉಗುರಾ? ನಂಬರ್ ಎಲ್ಲಿತ್ತು? ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ, ಪಕ್ಕದಲ್ಲಿ ವರ್ಷನ್ ಜೊತೆ, ಒಮ್ಮೊಮ್ಮೆ ಬ್ಯಾಟರಿಯ ಟೇಪಿನ ಕೆಳಗೆ ಅರ್ಧ ಮುಚ್ಚಿಕೊಂಡು ಇರುತ್ತದೆ. ಅಗ್ಗದ ಟ್ಯಾಬ್‌ಗಳಲ್ಲಿ ಹೊರಗೆ ಒಂದೇ ಹೆಸರು, ಒಂದೇ ಕವಚ ಇದ್ದರೂ ಒಳಗಿನ ಬೋರ್ಡ್, ಟಚ್ ಚಿಪ್ ಬೇರೆ ಬೇರೆ ಇರಬಹುದು. ಮಾಡೆಲ್ ಹೆಸರು ನೋಡಿ ಫೈಲ್ ಹಾಕಿದರೆ ಟ್ಯಾಬ್ ಆನ್ ಆಗಬಹುದು, ಆದರೆ ಎಡಕ್ಕೆ ಮುಟ್ಟಿದರೆ ಬಲಕ್ಕೆ ಒತ್ತಿದಂತಾಗುತ್ತದೆ. ಇಲ್ಲವೇ ಪರದೆ ತುಂಬ ಗೆರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರೂ ಅಳತೆ ನೋಡದೆ ಕತ್ತರಿ ಆಡಿಸುವುದಿಲ್ಲ. ಈ ಒಂದು ಸಾಲು ಒಂದು ಪುಟ ಆಗಲಿ.

ಚಿಪ್ ಯಾವುದು ಅಂತಲೂ ಹೇಳಿಲ್ಲ. ಕಂಪ್ಯೂಟರಿನಿಂದ ಫರ್ಮ್‌ವೇರ್ ಹಾಕುವ ಎಸ್‌ಪಿ ಫ್ಲ್ಯಾಶ್ ಟೂಲ್ ಎಲ್ಲ ಟ್ಯಾಬ್‌ಗೂ ನಡೆಯುತ್ತದೆ ಅನ್ನುವ ಹಾಗೆ ಬರೆದಿದ್ದೀರಿ. ಅದು ಮೀಡಿಯಾಟೆಕ್ ಕಂಪನಿಯ ಚಿಪ್‌ಗೆ ಮಾತ್ರ. 2012ರಲ್ಲಿ ಸರ್ಕಾರ ವಿದ್ಯಾರ್ಥಿಗಳಿಗಾಗಿ ತಂದ ಅಗ್ಗದ ಆಕಾಶ್-2 ಟ್ಯಾಬ್ ಇನ್ನೂ ಯಾರದೋ ಮನೆಯ ಬೀರುವಿನಲ್ಲಿ ಇರಬಹುದು. ಅದರಲ್ಲಿರುವುದು ಆಲ್‌ವಿನ್ನರ್ ಎ13 ಚಿಪ್. ಅದಕ್ಕೆ ಫೀನಿಕ್ಸ್‌ಸೂಟ್ ಅಥವಾ ಲೈವ್‌ಸೂಟ್ ಅನ್ನುವ ಟೂಲ್ ಬೇಕು. ರಾಕ್‌ಚಿಪ್‌ಗೆ ಅದರದೇ ಬೇರೆ ಟೂಲ್. ಇದನ್ನು ಹೇಳದಿದ್ದರೆ ರಾಯಚೂರಿನ ಓದುಗರೊಬ್ಬರು ರಾತ್ರಿಯಿಡೀ ಕೂತು ನಿಮ್ಮನ್ನೇ ಬೈಯುತ್ತಾರೆ.

‘ಪವಾಡವೇ ನಡೆಯಿತು’ ಅಂದಿದ್ದೀರಿ. ಪವಾಡ ಏನೂ ಇಲ್ಲ. ಆಂಡ್ರಾಯ್ಡ್ ಪೂರ್ತಿ ಅಳಿಸಿಹೋದರೂ ಚಿಪ್ಪಿನೊಳಗೇ ಅಚ್ಚಾದ ಒಂದು ಪುಟ್ಟ ಪ್ರೋಗ್ರಾಂ ಉಳಿದಿರುತ್ತದೆ. ಅದೇ ಬೂಟ್‌ರೋಮ್. ಯುಎಸ್‌ಬಿಯಲ್ಲಿ ಕಂಪ್ಯೂಟರಿನ ಜೊತೆ ಮಾತಾಡುವಷ್ಟು ಅದಕ್ಕೆ ಬರುತ್ತದೆ. ಪರದೆ ಕಪ್ಪಾಗಿದ್ದರೂ ಕಂಪ್ಯೂಟರಿಗೆ ಟ್ಯಾಬ್ ಕಾಣುವುದು ಅದರಿಂದಲೇ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು. ನಡುವೆ ಹೋದರೆ ಎಲ್ಲ ಮುಗಿಯಿತು ಅಂತ ಹೆದರುವವರಿಗೆ, ಸಾಮಾನ್ಯವಾಗಿ ಮೊದಲಿಂದ ಮತ್ತೆ ಹಾಕಬಹುದು ಅನ್ನುವ ಧೈರ್ಯ ಬರುವುದೂ ಇದರಿಂದಲೇ. ಲ್ಯಾಪ್‌ಟಾಪ್ ಚಾರ್ಜ್ ಇಟ್ಟುಕೊಂಡು ಕೂರಿ ಅಂತಲೂ ಒಂದು ಮಾತು ಸೇರಿಸಿ.

ನನಗೆ ತುಂಬಾ ಹಿಡಿಸಿದ್ದು ಕೇಬಲ್ ಸಿಕ್ಕಿಸುವ ಭಾಗ. ಕಂಪ್ಯೂಟರ್ ‘ಟಿಣ್’ ಅನ್ನುತ್ತದೆ, ನೀವು ಮೌಸ್ ಹಿಡಿಯುವಷ್ಟರಲ್ಲಿ ಇನ್ನೊಂದು ‘ಟಿಣ್’, ಟ್ಯಾಬ್ ಮಾಯ. ಮೊದಲು ಟೂಲಿನಲ್ಲಿ ಡೌನ್‌ಲೋಡ್ ಒತ್ತಿ, ಆಮೇಲೆ ಆಫ್ ಆದ ಟ್ಯಾಬ್ ಸಿಕ್ಕಿಸಬೇಕು ಅಂತ ಹೊಳೆದದ್ದು, ಕೆಂಪು ಪಟ್ಟಿ ಹೋಗಿ ಹಳದಿ ಬಂದದ್ದು, ಕೊನೆಗೆ ಹಸಿರು ಟಿಕ್. ಅದರ ಒಂದಕ್ಷರವನ್ನೂ ಮುಟ್ಟಬೇಡಿ.

ಈಗ ಖಾರದ ಮಾತು. ‘ಫಾರ್ಮ್ಯಾಟ್ ಆಲ್ ಪ್ಲಸ್ ಡೌನ್‌ಲೋಡ್ ಒತ್ತಿ, ಐಎಂಇಐ ಹೋದರೆ ಬೇರೆ ಯಾವುದಾದರೂ ಹಾಕಿಕೊಳ್ಳಿ’ ಅಂತ ಬರೆದಿದ್ದೀರಿ. ಇದನ್ನು ನಾನು ಖಂಡಿತ ಹಾಕುವುದಿಲ್ಲ. ಆ ಆಯ್ಕೆ ಐಎಂಇಐ (ಮೊಬೈಲ್ ಜಾಲದಲ್ಲಿ ಟ್ಯಾಬ್‌ನ ಗುರುತಿನ ಸಂಖ್ಯೆ), ವೈಫೈ ವಿಳಾಸ ಇರುವ ಜಾಗವನ್ನೂ ಒರೆಸಿಬಿಡುತ್ತದೆ. ಇನ್ನು ಬೇರೆ ಐಎಂಇಐ ಹಾಕುವುದು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಜೈಲಿಗೆ ಹೋಗುವ ಅಪರಾಧ. ಸುಮ್ನೆ ತಮಾಷೆ ಅಲ್ಲ. ಮೊದಲು ರೀಡ್‌ಬ್ಯಾಕ್ ಮಾಡಿ, ಅಂದರೆ ಟ್ಯಾಬ್‌ನಲ್ಲಿ ಇರುವುದನ್ನು ಕಂಪ್ಯೂಟರಿಗೆ ಓದಿಸಿ, ಹಳೆಯದನ್ನು ಉಳಿಸಿಕೊಳ್ಳಿ, ಆಮೇಲೆ ‘ಡೌನ್‌ಲೋಡ್ ಓನ್ಲಿ’ ಒತ್ತಿ ಅಂತ ತಿದ್ದಿ. ಫೋಟೊ, ಪಾಠದ ವಿಡಿಯೊ ಎಲ್ಲ ಹೋಗಬಹುದು ಅನ್ನುವುದನ್ನು ಮೊದಲೇ ಹೇಳಿ. ನೀವು ಕೊನೆಯ ಸಾಲಿನಲ್ಲಿ ಹೇಳಿದ್ದೀರಿ. ಅಷ್ಟರಲ್ಲಿ ಹೋಗಿರುತ್ತದೆ, ಅಲ್ವಾ?

ಫ್ಲ್ಯಾಶ್ ಮಾಡುವ, ಅಂದರೆ ಫರ್ಮ್‌ವೇರ್ ಹಾಕುವ, ಮುಂಚಿನ ಮಾತೂ ಇಲ್ಲ. ಲೋಗೋದಲ್ಲಿ ನಿಂತ ಟ್ಯಾಬ್ ಬೇರೆ, ದೀಪವೇ ಹತ್ತದ ಟ್ಯಾಬ್ ಬೇರೆ. ಮೊದಲನೆಯದಕ್ಕೆ ವಾಲ್ಯೂಮ್, ಪವರ್ ಎರಡನ್ನೂ ಒತ್ತಿ ರಿಕವರಿ ಅನ್ನುವ ದುರಸ್ತಿ ಮೆನುವಿಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಎಷ್ಟೋ ಸಲ ಸಾಕು. ಆಂಡ್ರಾಯ್ಡ್ 5.1ರಿಂದ ಈಚಿನದಾದರೆ ಆಮೇಲೆ ಹಳೆಯ ಗೂಗಲ್ ಖಾತೆ ಕೇಳಬಹುದು, ಪಾಸ್‌ವರ್ಡ್ ನೆನಪಿರಲಿ. ಎರಡನೆಯದು ಬರೀ ಬ್ಯಾಟರಿ ತೊಂದರೆ ಇರಬಹುದು. ತಿಂಗಳುಗಟ್ಟಲೆ ಬೀರುವಿನಲ್ಲಿ ಬಿದ್ದು 3 ವೋಲ್ಟಿಗಿಂತ ಕೆಳಗೆ ಇಳಿದಿದ್ದರೆ ಫರ್ಮ್‌ವೇರ್ ಏನು ಮಾಡೀತು? ಮಲ್ಟಿಮೀಟರ್ ಹಿಡಿದು ನೋಡಲಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕುವುದೂ ಬೇಡ, ಒತ್ತುವುದೂ ಬೇಡ. ರಾಯಚೂರು ಕಡೆಯ ಬೇಸಿಗೆಯಲ್ಲಂತೂ ಇದನ್ನು ದಪ್ಪ ಅಕ್ಷರದಲ್ಲೇ ಹಾಕೋಣ.

ಕೊನೆಯ ‘ಯುವಕರೇ ಎದ್ದೇಳಿ’ ಪ್ಯಾರಾ ತೆಗೆಯಿರಿ. ತಿದ್ದಿದ್ದನ್ನು ಈ ತಿಂಗಳು ಮುಗಿಯುವುದರೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಜೊತೆಗೆ ಬೋರ್ಡ್ ನಂಬರ್ ಚೆನ್ನಾಗಿ ಕಾಣುವ ಒಂದು ಫೋಟೊ ಬೇಕು. ಐಎಂಇಐ ಸ್ಟಿಕರ್ ಮೇಲೆ ಚೀಟಿ ಅಂಟಿಸಿ ತೆಗೆಯಿರಿ.