ತೂಕ ಇಳಿಯುವುದು ನಿಂತಿದೆ ಎಂದು ಕೇಳಿದ ತೀರ್ಥಹಳ್ಳಿ ಅಕ್ಕನಿಗೆ

ಅಕ್ಕ, ಕೈತೋಟದ ಗುಂಪಿನಲ್ಲಿ ಇದನ್ನು ಕೇಳಬಹುದೋ ಇಲ್ಲವೋ ಅಂತ ಸಂಕೋಚ ಮಾಡಿಕೊಂಡಿದ್ದೀರಿ. ಕೇಳಿದ್ದೇ ಒಳ್ಳೆಯದಾಯಿತು. ಇಲ್ಲಿ ಬಸಳೆ ಚಪ್ಪರದ ಫೋಟೊ ಹಾಕುವ ಎಷ್ಟೋ ಜನ ಇದೇ ಪಾಡಿನಲ್ಲಿದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ನಾನು ಡಾಕ್ಟರ್ ಅಲ್ಲ. ಶಿವಮೊಗ್ಗದ ಒಂದು ಜಿಮ್ಮಿನಲ್ಲಿ ಟ್ರೇನರ್, ಉಳಿದ ಹೊತ್ತು ಟೆರೇಸ್ ಮೇಲೆ ಬದನೆ, ಬೆಂಡೆ.

ಮೇಲಿನ ಪ್ರಶ್ನೆ ಓದದವರಿಗೆ: ಅಕ್ಕನಿಗೆ 41 ವರ್ಷ, ಎತ್ತರ 5 ಅಡಿ 3 ಇಂಚು. ಎರಡು ವರ್ಷ ಡಯೆಟ್ ಮಾಡಿ 82 ಕೆಜಿಯಿಂದ 67ಕ್ಕೆ ಬಂದಿದ್ದಾರೆ. ದಿನಕ್ಕೆ 1,100 ಕ್ಯಾಲೊರಿ ಅಂತ ಲೆಕ್ಕ, ಆದರೂ ಐದು ತಿಂಗಳಿಂದ ತೂಕ ಅಲ್ಲಾಡಿಲ್ಲ. ಮೈಯೆಲ್ಲ ಚಳಿ, ಕೂದಲು ಉದುರುತ್ತಿದೆ, ಮುಟ್ಟು ಹಿಂದೆಮುಂದೆ ಆಗುತ್ತಿದೆ. ಯಾರೋ ಮೆಟಬಾಲಿಸಂ (ದೇಹ ಕ್ಯಾಲೊರಿ ಖರ್ಚು ಮಾಡುವ ರೀತಿ) ರೀಸೆಟ್ ಮಾಡುವ ಪೌಡರ್ ತಗೊಳ್ಳಿ ಎಂದಿದ್ದಾರೆ.

ಪೌಡರ್ ಬೇಡ. ತರಿಸಿ ಆಗಿದ್ದರೆ ವಾಪಸ್ ಕೊಡಲು ನೋಡಿ. ದೇಹದಲ್ಲಿ ಒತ್ತಿದರೆ ರೀಸೆಟ್ ಆಗುವ ಗುಂಡಿ ಯಾವುದೂ ಇಲ್ಲ, ಮತ್ತು ನಿಮ್ಮ ಮೆಟಬಾಲಿಸಂ ಕೆಟ್ಟೂ ಇಲ್ಲ. ಮಾರ್ಚ್ ತಿಂಗಳಲ್ಲಿ ಬಾವಿ ನೀರು ಇಳಿದಾಗ ತೋಟಕ್ಕೆ ಪಾಳಿ ಹಾಕಿ ಬಿಡುತ್ತೇವಲ್ಲ, ದೇಹವೂ ಅದನ್ನೇ ಮಾಡಿದೆ. ಎರಡು ವರ್ಷ ಕಡಿಮೆ ಬಂತು, ಕಡಿಮೆ ಖರ್ಚು ಮಾಡುವುದನ್ನು ಕಲಿಯಿತು.

ಖರ್ಚು ಎಲ್ಲೆಲ್ಲಿ ಇಳಿಯಿತು ಅಂತ ನೋಡಿದರೆ ಮುಂದಿನದು ಸುಲಭ. ಮೊದಲನೆಯದು, 67 ಕೆಜಿ ದೇಹಕ್ಕೆ 82 ಕೆಜಿ ದೇಹದಷ್ಟು ಊಟ ಬೇಡ. ಇದೊಂದರಲ್ಲೇ ದಿನಕ್ಕೆ ಸುಮಾರು 200 ಕ್ಯಾಲೊರಿ ಹೋಯಿತು. ಎರಡನೆಯದು ಹಾರ್ಮೋನು. ಕೊಬ್ಬು ಕರಗಿದಂತೆ ಹಸಿವನ್ನು ಹಿಡಿತದಲ್ಲಿಡುವ ಲೆಪ್ಟಿನ್ ಇಳಿಯುತ್ತದೆ, ಹಸಿವು ಏರುತ್ತದೆ, ಥೈರಾಯ್ಡಿನ ಟಿ3 ಎಂಬ ಹಾರ್ಮೋನು ಸ್ವಲ್ಪ ತಗ್ಗುತ್ತದೆ. ನಿಮ್ಮ ಚಳಿಗೆ ಇದೂ ಕಾರಣ ಇರಬಹುದು. ಮೂರನೆಯದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಆದರೆ ಅದೂ ಕಡಿಮೆಯೇನಲ್ಲ: ನಮಗೆ ಗೊತ್ತಾಗದ ಹಾಗೆ ಓಡಾಟ ಕಡಿಮೆ ಆಗುತ್ತದೆ. ಹಿತ್ತಿಲಿಗೆ ನಾಲ್ಕು ಸಲ ಹೋಗುವವರು ಎರಡು ಸಲ ಹೋಗುತ್ತಾರೆ, ನಿಂತು ಮಾಡುತ್ತಿದ್ದ ಕೆಲಸವನ್ನು ಮಣೆ ಹಾಕಿ ಕೂತು ಮಾಡುತ್ತಾರೆ, ಮಧ್ಯಾಹ್ನ ಅರ್ಧ ಗಂಟೆ ಮಲಗುವವರು ಒಂದೂವರೆ ಗಂಟೆ ಮಲಗುತ್ತಾರೆ. ಅದರ ಮೇಲೆ ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡೆ ಹಿಡಿದು ಯಾರು ವಾಕಿಂಗ್ ಹೋಗುತ್ತಾರೆ ಹೇಳಿ, ಅದೂ ಆಗುಂಬೆ ಪಕ್ಕದ ಮಳೆಯಲ್ಲಿ.

ಇದು ಹೊಸ ವಿಷಯವೇನಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಎಲ್ಲರೂ ಒಪ್ಪಿಕೊಂಡು ಬಂದವರೇ. ದಿನಕ್ಕೆ ಸುಮಾರು 1,600 ಕ್ಯಾಲೊರಿ. ತೂಕದ ಕಾಲು ಭಾಗ ಇಳಿಯಿತು, ಸುಮ್ನೆ ಕೂತಾಗಿನ ಖರ್ಚು ಹತ್ತಿರ ಹತ್ತಿರ ಶೇಕಡಾ 40 ಕಡಿಮೆ ಆಯಿತು. ಬೇಸಿಗೆಯಲ್ಲೂ ಚಳಿ, ಯಾವುದರಲ್ಲೂ ಆಸಕ್ತಿ ಇಲ್ಲ, ಮಾತೆಲ್ಲ ಊಟದ ಬಗ್ಗೆಯೇ. ಕೆಲವರು ಅಡುಗೆ ಪುಸ್ತಕ ಕೂಡಿಡಲು ಶುರು ಮಾಡಿದ್ದರು! ಮತ್ತೆ ಹೊಟ್ಟೆ ತುಂಬ ಉಣ್ಣಲು ಕೊಟ್ಟ ಮೇಲೆ ಸುಧಾರಿಸಿಕೊಂಡರು, ಆದರೆ ಅದಕ್ಕೆ ತಿಂಗಳುಗಟ್ಟಲೆ ಬೇಕಾಯಿತು. ನಿಮ್ಮ ಸ್ಥಿತಿ ಅಷ್ಟು ತೀವ್ರ ಅಲ್ಲ. ದಾರಿ ಮಾತ್ರ ಅದೇ: ಊಟ, ಸಮಯ.

"ವಯಸ್ಸಾಯ್ತು, ಮೆಟಬಾಲಿಸಂ ಬಿತ್ತು" ಅಂತ ಮೇಲೆ ಒಬ್ಬರು ಬರೆದಿದ್ದಾರೆ. 2021ರಲ್ಲಿ 6,400ಕ್ಕೂ ಹೆಚ್ಚು ಜನರ ಲೆಕ್ಕ ಸೇರಿಸಿ ಒಂದು ಅಧ್ಯಯನ ಬಂತು. ದೇಹದ ಗಾತ್ರ ಸರಿದೂಗಿಸಿ ನೋಡಿದರೆ 20ರಿಂದ 60 ವರ್ಷದ ತನಕ ಖರ್ಚು ಹೆಚ್ಚುಕಡಿಮೆ ಒಂದೇ ಇರುತ್ತದೆ. 41ಕ್ಕೆ ವಯಸ್ಸಿನ ಮೇಲೆ ತಪ್ಪು ಹಾಕಬೇಡಿ.

ಈಗ ಸ್ವಲ್ಪ ಕಹಿ ಮಾತು, ಬೇಜಾರು ಮಾಡಿಕೊಳ್ಳಬೇಡಿ. 1,100 ಅನ್ನುವುದು ನಿಜವಾಗಿ 1,100 ಆಗಿರಲಿಕ್ಕಿಲ್ಲ. ಎಷ್ಟು ಕಡಿಮೆ ತಿಂದರೂ ಇಳಿಯುವುದಿಲ್ಲ ಎನ್ನುವವರನ್ನೇ ಕರೆದು 1992ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದ್ದರು. ಅವರು ಬರೆದುಕೊಂಡದ್ದಕ್ಕಿಂತ ತಿಂದದ್ದು ತುಂಬಾ ಜಾಸ್ತಿ ಇತ್ತು, ಹತ್ತಿರ ಹತ್ತಿರ ಅರ್ಧದಷ್ಟು ಲೆಕ್ಕಕ್ಕೇ ಬಂದಿರಲಿಲ್ಲ. ಸುಳ್ಳು ಹೇಳಿದರು ಅಂತಲ್ಲ, ಕಣ್ಣಳತೆ ಹಾಗೇ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಅಂದರೆ 120 ಕ್ಯಾಲೊರಿ. ರೊಟ್ಟಿ ಕಾವಲಿ ಸುತ್ತ ಬಿಟ್ಟದ್ದು, ಒಗ್ಗರಣೆಗೆ ಹಾಕಿದ್ದು, ಮಳೆ ಬಂತೆಂದು ಕರಿದ ಹಲಸಿನ ಹಪ್ಪಳ, ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ, ಮಗಳು ಬಿಟ್ಟ ಅರ್ಧ ದೋಸೆ. ಬರೆಯುವಾಗ ಇವೆಲ್ಲ ತಪ್ಪಿ ಹೋಗುತ್ತವೆ ಅಲ್ವಾ?

ಆದ್ದರಿಂದ ಮೊದಲು ಹತ್ತು ದಿನ ಏನೂ ಬದಲಾಯಿಸಬೇಡಿ. ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಗೊಳ್ಳಿ. ಅಕ್ಕಿಯನ್ನು ಬೇಯಿಸುವ ಮೊದಲೇ ತೂಗಿ, 100 ಗ್ರಾಂಗೆ ಸುಮಾರು 350 ಕ್ಯಾಲೊರಿ. ಎಣ್ಣೆ ತೂಗಿ, ಕಾಯಿತುರಿ ತೂಗಿ, ಎಲ್ಲಾ ಬರೆಯಿರಿ. ಆಮೇಲೆ ದಾರಿ ಎರಡಾಗುತ್ತದೆ.

ಲೆಕ್ಕ 1,500ರ ಹತ್ತಿರ ಬಂದರೆ, ಸದ್ಯ ನಿಮ್ಮ ತೂಕ ನಿಲ್ಲುವ ಊಟ ಅದೇ ಎಂದಾಯಿತು. ಊಟ ಇನ್ನೂ ಕಡಿಮೆ ಮಾಡಬೇಡಿ. ಅಷ್ಟೇ ಊಟದಲ್ಲಿ ಪ್ರೊಟೀನ್ ಹೆಚ್ಚಿಸಿ, ಓಡಾಟ ಹೆಚ್ಚಿಸಿ, ಎರಡು ವಾರಕ್ಕೊಮ್ಮೆ 100 ಕ್ಯಾಲೊರಿ ಸೇರಿಸುತ್ತಾ ಹೋಗಿ. ತೂಗಿ ನೋಡಿದರೂ ನಿಜವಾಗಿ 1,100 ಇದ್ದರೆ ಮೊದಲು ರಕ್ತ ಪರೀಕ್ಷೆ, ಜೊತೆಗೆ ನೇರ 1,400ಕ್ಕೆ ಹೋಗಿ, ಅಲ್ಲಿಂದ ನಿಧಾನಕ್ಕೆ ಮೇಲೆ. ನಿಮ್ಮ ಎತ್ತರ, ತೂಕ, ವಯಸ್ಸಿಗೆ ದಿನದ ಖರ್ಚು ಸೂತ್ರದ ಪ್ರಕಾರ 1,800 ಕ್ಯಾಲೊರಿ ಆಸುಪಾಸು ಬರುತ್ತದೆ. ಇಷ್ಟು ದಿನದ ಡಯೆಟ್ ಲೆಕ್ಕಕ್ಕೆ ಹಿಡಿದರೆ 1,600-1,700ಕ್ಕೆ ನಿಲ್ಲಬಹುದು. ಅಲ್ಲಿ ಎರಡು ಮೂರು ತಿಂಗಳು ಇರಿ, ತೂಕ ಇಳಿಸುವ ಆಸೆಯನ್ನು ಅಷ್ಟು ದಿನ ಅಟ್ಟಕ್ಕೆ ಹಾಕಿ. ನನ್ನ ಹತ್ತಿರ ಬರುವವರಿಗೆ ಕಷ್ಟ ಆಗುವುದು ಈ ಭಾಗವೇ, ವ್ಯಾಯಾಮ ಅಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಊಟ ಹೆಚ್ಚಿಸಿದ ಮೊದಲ ವಾರದಲ್ಲೇ ಒಂದೆರಡು ಕೆಜಿ ಏರಬಹುದು. ಅದು ಕೊಬ್ಬಲ್ಲ. ಖಾಲಿಯಾಗಿದ್ದ ಗ್ಲೈಕೊಜೆನ್ (ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಅಂಶ) ತುಂಬಿಕೊಳ್ಳುವಾಗ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಜೊತೆಗೆ ಹಿಡಿದುಕೊಳ್ಳುತ್ತದೆ, ಹೊಟ್ಟೆಯಲ್ಲಿ ಊಟವೂ ಜಾಸ್ತಿ ಇರುತ್ತದೆ. ಇದನ್ನು ನೋಡಿ ಹೆದರಿ ಮಾರನೇ ದಿನವೇ ಉಪವಾಸ ಕೂರುವವರೇ ಹೆಚ್ಚು. ವಾರದ ಸರಾಸರಿ ನೋಡಿ, ಮೂರನೇ ವಾರದಿಂದ ಆಚೆಗೂ ಏರುತ್ತಲೇ ಇದ್ದರೆ 100 ಕಡಿಮೆ ಮಾಡಿ.

ಪ್ರೊಟೀನ್ ದಿನಕ್ಕೆ 80 ಗ್ರಾಂ ಇಟ್ಟುಕೊಳ್ಳಿ. ನಮ್ಮ ಕಡೆಯ ಅನ್ನ, ಸಾರು, ತಂಬುಳಿ, ಕಡುಬಿನಲ್ಲಿ ಇದು ಬರುವುದಿಲ್ಲ, ಯೋಚಿಸಿ ಸೇರಿಸಬೇಕು. ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಪನೀರಿಗೆ 18, ಒಣ ಸೋಯಾ ಚಂಕ್ಸ್ 50 ಗ್ರಾಂಗೆ 26ರ ತನಕ, 100 ಗ್ರಾಂ ಬಂಗುಡೆಗೆ 19ರ ಹತ್ತಿರ. ಹುರುಳಿ 100 ಗ್ರಾಂಗೆ 22 ಇದೆ, ಆದರೆ ಕಟ್ಟಿನ ಸಾರು ನೀವು ಉಂಡು ಕಾಳು ದನಕ್ಕೆ ಹಾಕಿದರೆ ಪ್ರೊಟೀನೂ ಹೆಚ್ಚಿನ ಪಾಲು ಕೊಟ್ಟಿಗೆಗೇ ಹೋಯಿತು. ಕಾಳನ್ನು ಪಲ್ಯ ಮಾಡಿ ತಿನ್ನಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಪ್ರೊಟೀನ್ ಹೆಚ್ಚಿಸಬೇಡಿ.

ವಾರಕ್ಕೆ ಮೂರು ದಿನ ಭಾರ ಎತ್ತಿ. ಡಯೆಟ್ಟಿನಲ್ಲಿ ಸ್ನಾಯುವೂ ಕರಗಿರುತ್ತದೆ, ಅದು ಬರೀ ವಾಕಿಂಗಿನಿಂದ ವಾಪಸ್ ಬರುವುದಿಲ್ಲ. ತೀರ್ಥಹಳ್ಳಿ ಪೇಟೆಗೆ ದಿನಾ ಬಂದು ಜಿಮ್ ಸೇರುವುದು ಆಗದ ಮಾತು, ಗೊತ್ತು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ಪುಶ್‌ಅಪ್, ಐದು ಲೀಟರ್ ಕ್ಯಾನಿಗೆ ನೀರು ತುಂಬಿ ಸೊಂಟದವರೆಗೆ ಎಳೆಯುವುದು, ಶಾಲೆ ಬ್ಯಾಗಿಗೆ ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತುವುದು. ಹನ್ನೆರಡು ಸಲ ಆರಾಮಾಗಿ ಆಯಿತು ಅನಿಸಿದಾಗ ಭಾರ ಸ್ವಲ್ಪ ಹೆಚ್ಚಿಸಿ. ಮಳೆ ದಿನ ಜಗಲಿಯಲ್ಲೇ ನಡೆಯಿರಿ, ಊಟ ಆದ ಮೇಲೆ ಹತ್ತು ನಿಮಿಷ ಸಾಕು. ಅಡಿಕೆ ಸುಲಿಯುವ ಸೀಸನ್‌ನಲ್ಲಿ ಇಡೀ ದಿನ ಕೈಗೆ ಕೆಲಸ, ಕಾಲಿಗೆ ಇಲ್ಲ. ಗಂಟೆಗೊಮ್ಮೆ ಎದ್ದು ಅಂಗಳ ಸುತ್ತಿ. ರಾತ್ರಿ ಏಳು ಗಂಟೆ ನಿದ್ದೆ ಮಾಡಿ.

ಡಾಕ್ಟರ್ ಹತ್ತಿರ ಹೋಗುವುದನ್ನು ಮುಂದೂಡಬೇಡಿ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ), ಬಿ12, ಸಕ್ಕರೆ, ಇಷ್ಟನ್ನು ನೋಡಿಸಿ. ಕೂದಲು ಉದುರುವುದು ಕಬ್ಬಿಣಾಂಶದ ಕೊರತೆಯೂ ಇರಬಹುದು, ಎಲ್ಲವನ್ನೂ ಡಯೆಟ್ ಮೇಲೆ ಹಾಕುವುದು ಸರಿಯಲ್ಲ. ಮುಟ್ಟು ಮೂರು ತಿಂಗಳು ಪೂರ್ತಿ ನಿಂತರೆ ಕಾಯಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಇದನ್ನು ಓದುತ್ತಿದ್ದರೆ, ಊಟದ ಲೆಕ್ಕ ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ. ಥೈರಾಯ್ಡ್ ತೊಂದರೆ ಇಲ್ಲದಿದ್ದರೂ ತೂಕ ಇಳಿಸಲು ಪಕ್ಕದ ಮನೆಯವರ ಥೈರಾಯ್ಡ್ ಮಾತ್ರೆ ನುಂಗುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ಹೃದಯಕ್ಕೆ ಪೆಟ್ಟು.

ನಿಮ್ಮ ಗುರಿ 60 ಕೆಜಿ ಎಂದಿದ್ದೀರಿ. ಮೈ ಬೆಚ್ಚಗಾಗಿ, ಮುಟ್ಟು ಸರಿಯಾಗಿ, ಮೆಟ್ಟಿಲು ಹತ್ತಲು ಹುಮ್ಮಸ್ಸು ಬಂದ ಮೇಲೆ ಮತ್ತೆ ಇಳಿಸಬೇಕು ಅನಿಸಿದರೆ, ದಿನಕ್ಕೆ 250-300 ಮಾತ್ರ ಕಡಿಮೆ ಮಾಡಿ. ಎಂಟು ಹತ್ತು ವಾರ ಇಳಿಸಿ, ಎರಡು ವಾರ ಪೂರ್ತಿ ಊಟ. ಆಸ್ಟ್ರೇಲಿಯಾದಲ್ಲಿ ಎರಡೆರಡು ವಾರ ಬಿಟ್ಟು ಬಿಟ್ಟು ಡಯೆಟ್ ಮಾಡಿದ ಗಂಡಸರು ಸತತವಾಗಿ ಮಾಡಿದವರಿಗಿಂತ ಜಾಸ್ತಿ ಇಳಿದಿದ್ದರು. ಆಮೇಲಿನ ಪ್ರಯೋಗಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ, ಅದಕ್ಕೇ ಅದನ್ನು ಮಂತ್ರ ಎಂದುಕೊಳ್ಳಬೇಡಿ. ಬಿಡುವು ಕೊಟ್ಟರೆ ಹಸಿವು ತಡೆಯಲು ಸುಲಭ, ಅಷ್ಟಕ್ಕೇ ನಾನು ಹೇಳುವುದು. 65ರಲ್ಲೇ ಆರಾಮಾಗಿದ್ದರೆ ಅಲ್ಲೇ ಇರಿ, ನನ್ನ ಅಭಿಪ್ರಾಯ ಕೇಳಿದರೆ.

ಹತ್ತು ದಿನದ ಪಟ್ಟಿ ಆದ ಮೇಲೆ ಇಲ್ಲೇ ಹಾಕಿ ಅಕ್ಕ, ಪ್ರೊಟೀನ್ ಎಲ್ಲಿ ಸೇರಿಸಬಹುದು ನೋಡಿ ಹೇಳುತ್ತೇನೆ. ನೀವು ಮೀನು ತಿನ್ನುವವರೋ ಇಲ್ಲವೋ ಬರೆದಿಲ್ಲ, ಅದನ್ನೂ ತಿಳಿಸಿ.